ಹಗ್ಗ ಸಿಗದ ಊರು

ಈ ದಿನವೂ ಎಂದಿನಂತೆಯೇ ಶುರುವಾಯಿತು. ಶಾಲೆಯ ಬಸ್ಸು ಕೆಳಗೆ ಬಂದು ನಿಲ್ಲುವ ಮೊದಲು ಮಗಳ ಎರಡು ಜಡೆ, ಟಿಫಿನ್ ಡಬ್ಬಿಗೆ ಜಾಮ್ ಸವರಿದ ಚಪಾತಿಯ ಸುರುಳಿ, ಇವರಿಗೆ ಸಕ್ಕರೆ ಇಲ್ಲದ ಚಹಾ. ಇಬ್ಬರೂ ಹೊರಟ ಮೇಲೆ ಫ್ಲ್ಯಾಟಿನಲ್ಲಿ ಫ್ರಿಜ್ಜಿನ ಗುರುಗುರು ಒಂದೇ ಉಳಿಯಿತು. ದುಬೈಯ ಅಲ್ ಕುಸೈಸ್‌ನ ಈ ಕಟ್ಟಡದಲ್ಲಿ ಎಲ್ಲರ ಬಾಗಿಲೂ ಸದಾ ಮುಚ್ಚಿರುತ್ತದೆ. ಹಗಲಿಡೀ ಲಿಫ್ಟ್ ಮೇಲೆ ಕೆಳಗೆ ಓಡಾಡುವುದು ಕೇಳಿಸುತ್ತದೆ. ನಮ್ಮ ಮಹಡಿಯಲ್ಲಿ ಅದು ನಿಲ್ಲುವುದು ಅಪರೂಪ.

ರಾತ್ರಿ ಸ್ವಲ್ಪ ಚಳಿ ಶುರುವಾಗಿದೆಯಲ್ಲ ಎಂದು ಕಪಾಟಿನ ಮೇಲಿನ ಹೊದಿಕೆಗಳನ್ನು ಇಳಿಸಲು ಸ್ಟೂಲ್ ಹತ್ತಿದೆ. ಮಡಿಕೆಯೊಳಗಿಂದ ಏನೋ ಜಾರಿ ನನ್ನ ಹೆಗಲ ಮೇಲೆ ಬಿತ್ತು. ನೇರಳೆ ಬಣ್ಣದ, ರೇಷ್ಮೆಯ, ಒತ್ತಾಗಿ ಹೆಣೆದ ಒಂದು ದಾರ. ಮೂಗಿನ ಹತ್ತಿರ ಹಿಡಿದು ನೋಡಿದೆ. ಧೂಪದ ವಾಸನೆ ಇನ್ನೂ ಇತ್ತೋ, ಇರಲಿ ಎಂದು ನನಗೇ ಅನ್ನಿಸಿತೋ... ಎದುರುಮನೆಯ ಅಕ್ಕ ನೆನಪಾದರು.

ಅವರದು ತುಳು, ನನ್ನದು ಕೊಂಕಣಿ. ನಮ್ಮಿಬ್ಬರ ನಡುವೆ ಓಡಾಡಿದ್ದು ಮಂಗಳೂರಿನ ಕನ್ನಡ. ದೊಡ್ಡ ಹೋಟೆಲೊಂದರ ಬಟ್ಟೆಯ ಕೋಣೆಯಲ್ಲಿ ಹರಿದ ಚಾದರ, ಬಿಚ್ಚಿದ ಅಂಚು, ಅತಿಥಿಗಳ ಕಳಚಿದ ಗುಂಡಿ ಇವುಗಳನ್ನೆಲ್ಲ ಹೊಲಿಯುವ ಕೆಲಸ ಅವರದು. ಮದುವೆಯಾಗಿರಲಿಲ್ಲ. ತಂಗಿಯರ ಮದುವೆ ಮಾಡಿದ್ದು, ತಮ್ಮನಿಗೆ ಮನೆ ಕಟ್ಟಿಸಿದ್ದು, ತಮ್ಮನ ಮಕ್ಕಳನ್ನು ಓದಿಸಿದ್ದು ಎಲ್ಲವೂ ಆ ಸೂಜಿಯಿಂದಲೇ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೂ ಹೊಲಿಗೆ ಕಲಿಸಿದ್ದರು. ನನ್ನ ಕ್ರಾಸ್ ಸ್ಟಿಚ್ಚಿನ ಮೇಜುಬಟ್ಟೆಯನ್ನು ಅವರು ಮೊದಲ ಸಲ ನೋಡಿದಾಗ ಮೇಲ್ಭಾಗ ಬಿಟ್ಟು, ತಿರುಗಿಸಿ ಹಿಂಭಾಗವನ್ನೇ ನೋಡಿ, "ಪರವಾಗಿಲ್ಲ, ಚಂದ ಉಂಟು" ಎಂದಿದ್ದರು. ನಮ್ಮ ಸ್ನೇಹ ಅಲ್ಲಿಂದ ಶುರು.

ನಮ್ಮ ಕಟ್ಟಡದಲ್ಲಿ ಅವರಿಗೆ ಹೆಸರು ಬಂದದ್ದು ಮಾತ್ರ ಹೊಲಿಗೆಯಿಂದ ಅಲ್ಲ, ಹಗ್ಗದಿಂದ. ಊರಿಗೆ ಹೊರಡುವವರೆಲ್ಲ ತಮ್ಮ ರಟ್ಟಿನ ಕಾರ್ಟನ್ ಕಟ್ಟಿಸಲು ಅವರ ಬಾಗಿಲಿಗೇ ಬರುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲನ್ನು ಪೆಟ್ಟಿಗೆಯ ಮೇಲೆ ಊರಿ, ನೀಲಿ ನೈಲಾನ್ ಹಗ್ಗವನ್ನು ಜಗ್ಗಿ ಎಳೆದು ಗಂಟು ಹಾಕಿ, ಮೇಲೆ ಕೈ ಹಿಡಿಯಲು ಒಂದು ಕುಣಿಕೆ ಬಿಡುತ್ತಿದ್ದರು. ಊರಿನಲ್ಲಿ ಆ ಗಂಟನ್ನು ಯಾರಿಗೂ ಬಿಚ್ಚಲು ಆಗುತ್ತಿರಲಿಲ್ಲ. ಕತ್ತಿಯಲ್ಲಿ ಕೊಯ್ಯಲೇಬೇಕು.

ಒಂದು ಸಂಜೆ ಹಾಗೆ ತಮ್ಮದೇ ಕಾರ್ಟನ್ ಕಟ್ಟುತ್ತಿದ್ದಾಗ ಹೇಳಿದ್ದರು: "ಪ್ರತಿ ಸಲ ಏರ್‌ಪೋರ್ಟಿಗೆ ಒಂದು ಜೀಪಿನಷ್ಟು ಜನ ಬಂದಿರ್ತಾರೆ ಮಾರಾಯ್ತಿ. ಮೊದಲು ಟ್ರಾಲಿ ನೋಡ್ತಾರೆ, ಆಮೇಲೆ ನನ್ನ ಮುಖ. ಒಮ್ಮೆ ಪೆಟ್ಟಿಗೆ ಇಲ್ಲದೆ ಹೋಗಿ, ಆಗ ಯಾರು ಬರ್ತಾರೆ ಅಂತ ನೋಡ್ಬೇಕು."

"ನೋಡಿ ಅಕ್ಕಾ, ಹಾಗಾದರೆ" ಎಂದೆ ನಾನು.

"ಧೈರ್ಯ ಇಲ್ಲ" ಎಂದು ನಕ್ಕರು. ಗಂಟನ್ನು ಇನ್ನೊಮ್ಮೆ ಜಗ್ಗಿ ಹೇಳಿದರು: "ಅದಕ್ಕಿಂತ ಯಾರೂ ಕಾಯದ ಊರಿಗೇ ಹೋಗುವುದು ಒಳ್ಳೆಯದು. ಬೇಸರವೇ ಇಲ್ಲ."

ಆ ಊರು ಅವರ ಅಡುಗೆಮನೆಯ ಗೋಡೆಯ ಮೇಲೆ ಆಗಲೇ ಇತ್ತು. ಜಪಾನಿನ ಅತಿಥಿಯೊಬ್ಬರ ಹರಿದ ಉಡುಪನ್ನು ಅಕ್ಕ ಹೊಲಿದುಕೊಟ್ಟಿದ್ದರಂತೆ. ಆಕೆ ಊರಿಗೆ ಮರಳಿ ಒಂದು ಕ್ಯಾಲೆಂಡರ್ ಕಳಿಸಿದ್ದರು. ಕ್ಯೋಟೋ. ಹಳದಿ ಎಲೆಗಳ ಮರದ ಹಿಂದೆ ದೊಡ್ಡದೊಂದು ಮರದ ದೇವಾಲಯ. ಆ ವರ್ಷ ಕಳೆದು ಎಷ್ಟೋ ಕಾಲವಾದರೂ ಅದೇ ಹಾಳೆ ಅಲ್ಲೇ ತೂಗುತ್ತಿತ್ತು. ನಿವೃತ್ತಿಯ ಹಿಂದಿನ ರಜೆಯಲ್ಲಿ ಅವರು ಊರಿಗೆ ಟಿಕೆಟ್ ಮಾಡಿಸಲಿಲ್ಲ. ಜೊತೆಗೆ ನನ್ನನ್ನು ಕರೆದರು. ಇವರು, "ಹೋಗಿ ಬಾ, ಮಗಳನ್ನು ನಾನು ನೋಡಿಕೊಳ್ತೇನೆ" ಎಂದರು. ನಾವಿಬ್ಬರು ಹೆಂಗಸರು ಹೊರಟೆವು.

ವಿಮಾನ ಇಳಿದು, ರೈಲು ಹಿಡಿದು, ಕ್ಯೋಟೋದ ದೊಡ್ಡ ನಿಲ್ದಾಣದಲ್ಲಿ ಕಾಲಿಟ್ಟಾಗ ಅಕ್ಕ ತಲೆ ಎತ್ತಿ ನಿಂತೇಬಿಟ್ಟರು. ಹಳೆಯ ಊರು ಎಂದುಕೊಂಡು ಬಂದವರಿಗೆ ಮೇಲೆ ಕಾಣಿಸಿದ್ದು ಉಕ್ಕು ಮತ್ತು ಗಾಜಿನ ಆಕಾಶ. "ಇದು ನಮ್ಮ ದುಬೈಯೇ ಅಲ್ವಾ?" ಎಂದರು. ಜನ ಎರಡೂ ಬದಿಯಿಂದ ಹರಿದುಹೋಗುತ್ತಿದ್ದರು. ಯಾರೂ ನಮ್ಮನ್ನು ನೋಡಲಿಲ್ಲ. ಅಕ್ಕ ಎರಡೂ ಖಾಲಿ ಕೈಗಳನ್ನು ಮುಂದಕ್ಕೆ ಚಾಚಿ, ತಿರುಗಿಸಿ ನನಗೆ ತೋರಿಸಿದರು. ಮಕ್ಕಳು ಕೈ ತೊಳೆದು ತೋರಿಸುತ್ತಾರಲ್ಲ, ಹಾಗೆ.

ನಿಲ್ದಾಣದ ಹಿಂಬದಿಯಲ್ಲಿ ನಮ್ಮ ಪುಟ್ಟ ಹೋಟೆಲು. ದೂರದ ಬಿದಿರುವನ, ಕೆಂಪು ಕಮಾನುಗಳು ಎಂದೆಲ್ಲ ನಾನು ಓದಿಕೊಂಡು ಹೋಗಿದ್ದೆ. ಮೊದಲ ದಿನವೇ ಅಕ್ಕನ ಮಂಡಿ ಊದಿಕೊಂಡಿತು. ಬಸ್ ಹತ್ತಲು ಅವರಿಗೆ ಭಯ, ಟ್ಯಾಕ್ಸಿ ಎಂದರೆ ಕೋಪ. ಹಾಗಾಗಿ ನಾವು ನೋಡಿದ ಕ್ಯೋಟೋ ಎಂದರೆ ನಿಲ್ದಾಣದ ಸುತ್ತಮುತ್ತ, ಅವರ ಮಂಡಿ ಒಪ್ಪಿದಷ್ಟು ದೂರ. ಒಂದು ಬದಿಗೆ ಮೇಣದಬತ್ತಿಯಂತೆ ನಿಂತ ಬಿಳಿ ಗೋಪುರ. ಇನ್ನೊಂದು ಬದಿಗೆ ಮನೆಗಳ ಸಾಲಿನಾಚೆ ಒಂದರ ಮೇಲೊಂದು ಐದು ಮಾಡುಗಳ ಕಪ್ಪು ಪಗೋಡ. ಉಪ್ಪಿನಕಾಯಿ ಮಾತ್ರ ಮಾರುವ ಅಂಗಡಿಯೊಂದಿತ್ತು. ಅಲ್ಲಿ ಅಕ್ಕ ಮೂಲಂಗಿಯ ಹೋಳೊಂದನ್ನು ರುಚಿ ನೋಡಿ, "ಖಾರವೇ ಹಾಕಿಲ್ಲ, ಪಾಪ" ಎಂದು ಮಾರುವಾಕೆಗೆ ಕನ್ನಡದಲ್ಲೇ ಹೇಳಿದರು. ಆಕೆ ಸೊಂಟ ಬಗ್ಗಿಸಿ ವಂದಿಸಿದಳು.

ಎರಡನೆಯ ದಿನ ಅಕ್ಕನನ್ನು ಕೆಳಗೆ ಕೂರಿಸಿ ನಾನು ನಿಲ್ದಾಣದ ಉದ್ದನೆಯ ಮೆಟ್ಟಿಲುಗಳನ್ನು ತುದಿಯವರೆಗೆ ಹತ್ತಿ ಬಂದೆ. ಮೇಲೆ ಒಂದು ಸಣ್ಣ ತೋಟ, ಗಾಜಿನಾಚೆ ಊರಿನ ಮಾಡುಗಳು, ಅದರಾಚೆ ಬೆಟ್ಟ. ಅಷ್ಟು ಎತ್ತರದಲ್ಲಿ ಒಬ್ಬಳೇ ನಿಂತಾಗ ಯಾಕೋ ಮನಸ್ಸು ಖಾಲಿಯಾಯಿತು. ಇಳಿಯುವಾಗ ನೋಡುತ್ತೇನೆ, ಕೆಳಗೆ ಅಷ್ಟು ಜನರ ನಡುವೆ ಅಕ್ಕ ಎದ್ದು ನಿಂತು, ಕೈ ಮೇಲೆತ್ತಿ ಬೀಸುತ್ತಿದ್ದಾರೆ. ಏರ್‌ಪೋರ್ಟಿನ ಕಟಕಟೆಯಾಚೆ ನಮ್ಮವರು ನಿಂತು ಬೀಸುತ್ತಾರಲ್ಲ, ಥೇಟ್ ಹಾಗೆ. ನಾನು ತಲುಪುವವರೆಗೂ ಕೈ ಇಳಿಸಲಿಲ್ಲ.

ಅಂದೇ ಸಂಜೆ ಊರಿನಿಂದ ಮೆಸೇಜುಗಳು ಬರತೊಡಗಿದವು. ಬಿಳಿ ಗೋಪುರದ ಮುಂದೆ ನಿಂತ ಫೋಟೋವನ್ನು ಅಕ್ಕ ಉಮೇದಿನಲ್ಲಿ ಸ್ಟೇಟಸ್‌ಗೆ ಹಾಕಿದ್ದರು. ಜಪಾನಿನಲ್ಲಿ ಚಾಕು ಚೆನ್ನಾಗಿರುತ್ತದಂತೆ, ಕೊಡೆ ಚೆನ್ನಾಗಿರುತ್ತದಂತೆ, ಮಗುವಿಗೆ ಗೊಂಬೆ. ಹೇಗಿದ್ದೀರಿ ಎಂದು ಯಾರಾದರೂ ಕೇಳಿದ್ದರೋ ಏನೋ, ನನಗೆ ಕಾಣಿಸಲಿಲ್ಲ. ಅಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸ್ವಲ್ಪ ತೆಗೊಳ್ಳುವ. ಹೇಗೂ ಬಂದಾಗಿದೆ."

ಮೂರನೆಯ ದಿನಕ್ಕೆ ಹೋಟೆಲಿನ ಕೋಣೆಯಲ್ಲಿ ಒಂದು ಕಾರ್ಟನ್ ತುಂಬಿ ನಿಂತಿತ್ತು! ಇನ್ನು ಬೇಕಾದದ್ದು ಹಗ್ಗ. ನಿಲ್ದಾಣದ ಕೆಳಗಿನ ಅಂಗಡಿಗಳ ಸಾಲನ್ನೆಲ್ಲ ಸುತ್ತಿದೆವು. ಅಕ್ಕ ಗಾಳಿಯಲ್ಲೇ ಪೆಟ್ಟಿಗೆ ಬರೆದು, ಕಾಲು ಊರಿ, ಎಳೆದು ಕಟ್ಟುವ ನಟನೆ ಮಾಡುವರು. ಅಂಗಡಿಯವರು ಬಹಳ ಯೋಚಿಸಿ ರಿಬ್ಬನ್ ತರುವರು, ಬಂಗಾರದ ದಾರ ತರುವರು, ಬಣ್ಣದ ಕಾಗದದ ಹುರಿ ತರುವರು. ಕೊನೆಗೆ ಒಬ್ಬ ಮುದುಕಿ ಒಳಗಿನಿಂದ ಈ ನೇರಳೆ ದಾರವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಅಕ್ಕ ಎಳೆದು ನೋಡಿದರು. "ಇದು ಜಡೆಗೆ ಆಗ್ತದೆ, ಪೆಟ್ಟಿಗೆಗೆ ಆಗುದಿಲ್ಲ" ಎಂದರು. ಆದರೂ ಮುದುಕಿಗೆ ಬೇಸರವಾಗದಿರಲೆಂದು ಕೊಂಡು, ನನ್ನ ಮಗಳಿಗೆಂದು ನನ್ನ ಚೀಲಕ್ಕೆ ಹಾಕಿದರು. "ಈ ಊರಿನವರು ಯಾರೂ ಊರಿಗೆ ಹೋಗುದೇ ಇಲ್ವಾ ಮಾರಾಯ್ತಿ?"

ಹಾಗೆ ಹಗ್ಗ ಹುಡುಕುತ್ತಲೇ ಕ್ಯಾಲೆಂಡರಿನ ದೇವಾಲಯಕ್ಕೆ ಬಂದೆವು. ನಿಲ್ದಾಣದಿಂದ ನೇರ ರಸ್ತೆ. ಹಳದಿ ಎಲೆಗಳು ನೆಲದ ತುಂಬ. ಚಪ್ಪಲಿ ಕಳಚಿ ಒಳಗೆ ಹೋದರೆ ಧೂಪದ ವಾಸನೆ, ಕಾಲಿಗೆ ತಣ್ಣನೆಯ ಹಲಗೆ. ಒಂದು ಮಂದಿರದಿಂದ ಇನ್ನೊಂದಕ್ಕೆ ಹೋಗುವ ಪಡಸಾಲೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಹಾವಿನಂತೆ ಸುರುಳಿ ಸುತ್ತಿ ಮಲಗಿತ್ತು ಒಂದು ಹಗ್ಗ! ನನ್ನ ತೋಳಿನಷ್ಟು ದಪ್ಪ, ಮಾಸಿದ ಕಪ್ಪು ಬಣ್ಣ. ಅಕ್ಕ, "ಸಿಕ್ಕಿತು ನೋಡು" ಎಂದು ನನ್ನನ್ನು ತಿವಿದರು.

ಪಕ್ಕದ ಇಂಗ್ಲಿಷ್ ಬರಹವನ್ನು ನಾನು ಓದಿ ಹೇಳಿದೆ. ಬೆಂಕಿಗೆ ಹೋದ ದೇವಾಲಯವನ್ನು ಮತ್ತೆ ಕಟ್ಟುವಾಗ ದೊಡ್ಡ ತೊಲೆಗಳನ್ನು ಎಳೆಯಲು ಸಾಮಾನ್ಯ ಹಗ್ಗ ತಾಳುತ್ತಿರಲಿಲ್ಲವಂತೆ. ಊರೂರಿನ ಹೆಂಗಸರು ತಮ್ಮ ತಲೆಗೂದಲು ಕತ್ತರಿಸಿ ಕೊಟ್ಟರಂತೆ. ಅದನ್ನೇ ಹೊಸೆದು ಮಾಡಿದ ಹಗ್ಗ ಇದು.

ಅಕ್ಕ ಗಾಜಿನ ಹತ್ತಿರ ಬಗ್ಗಿದರು. ಅವರ ಉಸಿರಿಗೆ ಗಾಜು ಮಬ್ಬಾಯಿತು. ಸೆರಗಿನ ತುದಿಯಿಂದ ಒರೆಸಿ ಮತ್ತೆ ನೋಡಿದರು. ಕೈ ತಾನಾಗಿ ಹಿಂದೆ ಹೋಗಿ ತಮ್ಮ ನರೆತ ತುರುಬನ್ನು ಮುಟ್ಟಿತು.

"ಪಾಪ, ಇವರೂ ಮನೆ ಕಟ್ಟಿಸಿದವರೇ" ಎಂದರು.

ಮರುದಿನ ಕಾರ್ಟನ್‌ಗೆ ಬರೀ ಟೇಪು ಸುತ್ತಿ ತಂದೆವು.

ಮುಂದಿನ ವರ್ಷ ನಿವೃತ್ತಿಯಾಗಿ ಅವರ ವೀಸಾ ಕ್ಯಾನ್ಸಲ್ ಆಯಿತು. ಕುಕ್ಕರ್ ನನಗೆ, ಹೊಲಿಗೆ ಯಂತ್ರ ಕೆಳಗಿನ ಮಹಡಿಯ ಫಿಲಿಪಿನೊ ಹುಡುಗಿಗೆ ಕೊಟ್ಟರು. ಹೊರಡುವ ದಿನ ಅವರ ಬಾಗಿಲ ಬಳಿ ಒಂದು ಸಣ್ಣ ಸೂಟ್‌ಕೇಸ್ ಮಾತ್ರ ಇತ್ತು. ಕಾರ್ಟನ್ ಎಲ್ಲಿ ಎಂದು ಕೇಳಿದೆ. "ಈ ಸಲ ಇಲ್ಲ. ಎಲ್ಲರಿಗೂ ಮೊದಲೇ ಹೇಳಿದ್ದೇನೆ" ಎಂದರು. ಲಿಫ್ಟಿನೊಳಗೆ ನಿಂತು ನನ್ನ ಕೆನ್ನೆ ಮುಟ್ಟಿದರು. ಬಾಗಿಲು ಮುಚ್ಚಿಕೊಂಡಿತು.

ಅಂದು ಇಡೀ ದಿನ ಫೋನ್ ಕೈಯಲ್ಲಿ ಹಿಡಿದುಕೊಂಡೇ ಅಡುಗೆ ಮಾಡಿದೆ. ಮಧ್ಯಾಹ್ನದ ಮೇಲೆ ಬಂತು. ಅವರ ದನಿಯ ಹಿಂದೆ ಕಾರಿನ ಸದ್ದು.

"ತಲುಪಿದೆ ಮಾರಾಯ್ತಿ. ಟ್ಯಾಕ್ಸಿಯಲ್ಲಿದ್ದೇನೆ."

"ಯಾರು ಬಂದಿದ್ದಾರೆ ಅಕ್ಕಾ?"

"ಡ್ರೈವರ್ ಬಂದಿದ್ದಾನೆ" ಎಂದು ನಕ್ಕರು. "ಒಳ್ಳೆಯ ಹುಡುಗ. ಎಲ್ಲರಿಗೂ ಏನೇನೋ ಕೆಲಸವಂತೆ ಇವತ್ತು." ಆಮೇಲೆ, "ನಾನು ಸುಮ್ಮನೆ ಅಷ್ಟು ದೂರ ಹೋದೆ ಅಲ್ವಾ, ಜಪಾನಿಗೆ..." ಎಂದರು.

ಆಮೇಲೂ ಮಾತಾಡುತ್ತಿದ್ದೆವು, ಹಬ್ಬಕ್ಕೆ, ಮಗಳ ಹುಟ್ಟುಹಬ್ಬಕ್ಕೆ. ಬರಬರುತ್ತ ಕರೆಗಳು ಕಡಿಮೆಯಾದವು. ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು ಎಂದು ಊರಿನಿಂದ ಮರಳಿದವರು ಯಾರೋ ಲಿಫ್ಟಿನಲ್ಲಿ ಹೇಳಿದರು. ಅಷ್ಟರಲ್ಲಿ ನಮ್ಮ ಮಹಡಿ ಬಂದಿತ್ತು, ನಾನು ಇಳಿಯಬೇಕಾಯಿತು. ಕ್ಯೋಟೋದಲ್ಲಿ ನನಗೆಂದು ಕೈ ಬೀಸಿ ನಿಂತವರಿಗೆ ನಾನು ಒಂದು ಮೇಣದಬತ್ತಿ ಹಚ್ಚಿದ್ದು ಬಿಟ್ಟರೆ ಬೇರೇನೂ ಮಾಡಲಾಗಲಿಲ್ಲ.

ಇವತ್ತು ಶಾಲೆಯಿಂದ ಬಂದ ಮಗಳ ಜಡೆಗೆ ನೇರಳೆ ದಾರ ಕಟ್ಟಿದೆ. "ಟೂ ಟೈಟ್, ಮಮ್ಮಾ" ಎಂದು ಬಿಚ್ಚಿ, ಸೋಫಾದ ಮೇಲೆ ಬಿಟ್ಟು ಹೋದಳು.

ಸಂಜೆ ಬೆಲ್ಲಾಯಿತು. ಎದುರಿನ ಫ್ಲ್ಯಾಟಿಗೆ ಹೊಸದಾಗಿ ಬಂದಿರುವ ಉಪ್ಪಿನಂಗಡಿಯ ಬ್ಯಾರಿ ಭಾಷೆಯ ಹುಡುಗಿ, ಸೊಂಟದಲ್ಲಿ ಮಗು. ಕರಿಬೇವು ಕೇಳಲು ಬಂದಿದ್ದಳು. ಕೊಟ್ಟೆ. ಹೋಗುತ್ತ ಹೋಗುತ್ತ ಅರ್ಧ ತಿರುಗಿ ಹೇಳಿದಳು:

"ಆಂಟಿ, ನಮ್ಮ ಬಾಲ್ಕನಿಯಲ್ಲಿ ಒಂದು ನೀಲಿ ಹಗ್ಗ ಕಟ್ಟಿ ಉಂಟಲ್ಲಾ, ಮೊದಲಿದ್ದವರದ್ದಾ? ಇವರು ಎಷ್ಟು ಎಳೆದ್ರೂ ಗಂಟು ಬಿಚ್ಚುದಿಲ್ಲ ಮಾರಾಯ್ರೆ. ಖಲಾಸ್, ಅಲ್ಲೇ ಇರ್ಲಿ ಅಂತ ಬಿಟ್ಟಿದ್ದೇವೆ. ಮಗುವಿನ ಬಟ್ಟೆ ಒಣಗಿಸ್ಲಿಕ್ಕೆ ಆಗ್ತದೆ."