ಮೇಷ್ಟ್ರ ಎರಡನೇ ಕೂಗು

ನಮ್ಮ ಬಿಲ್ಲಿನ ಮೇಷ್ಟ್ರ ಬಲಗೈ ಹೆಬ್ಬೆರಳು ಹೊರಗೆ ಬಾಗಿತ್ತು. ಅರವತ್ತು ವರ್ಷ ಹೆದೆ ಎಳೆದೂ ಎಳೆದೂ ಹಾಗಾಗಿತ್ತಂತೆ. ಆ ಕೈಗೆ ಅವರು ತೊಡುತ್ತಿದ್ದ ಚರ್ಮದ ಗವಸು ಬೆವರು ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಜಿಂಕೆಯ ಚರ್ಮ, ಅವರೇ ಹೊಡೆದ ಮೊದಲ ಜಿಂಕೆಯದು.

ಕೊರೊನಾ ಕಾಲ. ಜಪಾನಿನ ತ್ಸುಕುಬಾದಲ್ಲಿ ಗಂಡನಿಗೆ ಲ್ಯಾಬು, ಮಗಳಿಗೆ ಲ್ಯಾಪ್‌ಟಾಪು, ನನಗೆ ಅಡುಗೆಮನೆ. ತಲೆಕೆಟ್ಟು ಸೈಕಲ್ ಹತ್ತಿ ಸುತ್ತುತ್ತಿದ್ದಾಗ ಬಿಲ್ಲುವಿದ್ಯೆಯ ಶಾಲೆಯೊಂದು ಕಂಡಿತು. ಒಳಗೆ ಎಲ್ಲರೂ ಮಾಸ್ಕ್ ಹಾಕಿಕೊಂಡು, ದೂರ ದೂರ ನಿಂತು, ತುಟಿ ಪಿಟಕ್ಕೆನ್ನದೆ ಬಾಣ ಬಿಡುತ್ತಿದ್ದರು. ಐದು ನಿಮಿಷ ಬಾಯಿಮುಚ್ಚಿ ಕೂರಲಾರದ ನಾನು ಹೋಗಿ ಹೋಗಿ ಅಲ್ಲಿಗೇ ಸೇರಿಕೊಂಡೆ.

ಮೊದಲ ಆರು ತಿಂಗಳು ಎರಡು ಹೆಜ್ಜೆ ದೂರದ ಹುಲ್ಲಿನ ಪೆಂಡಿಗೇ ಬಾಣ. ಆಮೇಲೆ ಇಪ್ಪತ್ತೆಂಟು ಮೀಟರ್ ಆಚೆಯ ಗುರಿ, ಊಟದ ತಟ್ಟೆಗಿಂತ ಚೂರು ದೊಡ್ಡ ಕಾಗದದ ವೃತ್ತ. ವರ್ಷ ಕಳೆದರೂ ಒಂದೂ ತಾಗಲಿಲ್ಲ. ನನ್ನ ರೋಗ ಮೇಷ್ಟ್ರಿಗೆ ಗೊತ್ತಿತ್ತು. ಬಾಣ ಹೋದ ಮೇಲೂ ಕೈ ಚಾಚಿಕೊಂಡು ಮೂರು ಉಸಿರು ಅಲುಗದೆ ನಿಲ್ಲುವುದು ಅಲ್ಲಿಯ ಪದ್ಧತಿ. ನಾನೋ, ಬಿಟ್ಟ ಕೂಡಲೇ ಕತ್ತು ಉದ್ದ ಮಾಡಿ ಇಣುಕಿ "ಅಯ್ಯೋ" ಅನ್ನುವವಳು. "ಮಾದಾ" ಅನ್ನುತ್ತಿದ್ದರು ಮೇಷ್ಟ್ರು. ಇನ್ನೂ ಮುಗಿದಿಲ್ಲ ಎಂದು ಅರ್ಥ. ಬಾಣ ಹೋಗಿಯಾಯಿತು, ಇನ್ನೇನು ಮಣ್ಣು ಉಳಿದಿದೆ ಎಂದು ಒಂದು ದಿನ ರೇಗಿ ಕೇಳಿಯೇಬಿಟ್ಟೆ.

ಹೊರಗಿನ ಬೆಂಚಿನ ಆ ತುದಿಯಲ್ಲಿ ಅವರು ಕೂತು, ಈ ತುದಿಯಲ್ಲಿ ನನ್ನನ್ನು ಕೂರಿಸಿ ಗವಸಿನ ಕಥೆ ಹೇಳಿದರು. ಹತ್ತೊಂಬತ್ತರ ವಯಸ್ಸು, ನಾಗಾನೊ ಕಡೆಯ ಬೆಟ್ಟ. ಆಗಿನ್ನೂ ಬಿಲ್ಲಿನಿಂದ ಬೇಟೆಯಾಡಲು ನಿಷೇಧ ಬಂದಿರಲಿಲ್ಲ. ಮೂರು ಚಳಿಗಾಲ ಬರಿಗೈಯಲ್ಲಿ ಮರಳಿದ ಮೇಲೆ, ಅಜ್ಜನ ಬಿದಿರುಬಿಲ್ಲಿಗೆ ಮೊದಲ ಜಿಂಕೆ ಬಿತ್ತು. ಖುಷಿ ತಡೆಯಲಾರದೆ ಬೆಟ್ಟ ಅದುರುವಂತೆ ಕೂಗಿದರಂತೆ. ಬಿದ್ದ ಜಿಂಕೆ ಆ ಕೂಗಿಗೆ ಬೆದರಿ ಎದ್ದು ಓಡಿತು. ಹಿಮದ ಮೇಲಿನ ರಕ್ತದ ಜಾಡು ಹಿಡಿದು ಸಂಜೆಗೆ ಅದನ್ನು ಕಂಡಾಗ ಇನ್ನೂ ಉಸಿರಾಡುತ್ತಿತ್ತು.

"ಅದರ ಅರ್ಧ ದಿನದ ನೋವು ನನ್ನ ಕೂಗಿನದು" ಎಂದರು.

ಅಂದಿನಿಂದ ಬಾಣ ಬಿಟ್ಟ ಮೇಲೆ ಅವರು ಸದ್ದು ಮಾಡಿದ್ದೇ ಇಲ್ಲ. ಮೊಟ್ಟೆ ಕೂಡ ಮುಟ್ಟದ ನನಗೆ ಜಿಂಕೆಗಾಗಿ ಕಣ್ಣು ತುಂಬಿತು, ಆ ಹುಡುಗನಿಗಾಗಿಯೂ ತುಂಬಿತು.

ಮಾರ್ಚಿಗೆ ಗಂಡನ ಕೆಲಸ ಮುಗಿಯಿತು. ಬುಧವಾರ ವಿಮಾನ, ಭಾನುವಾರ ನನ್ನ ಕೊನೆಯ ಅಭ್ಯಾಸ. ಒಂದೂ ತಾಗದೆ ಯಾವ ಮುಖ ಹೊತ್ತು ಬೆಂಗಳೂರಿಗೆ ಹೋಗಲಿ? ಮೇಷ್ಟ್ರು ನಾಲ್ಕು ಬಾಣ ಕೊಟ್ಟು ಹಿಂದೆ ನಿಂತರು. ಮೊದಲನೆಯದು ಗುರಿಯ ಹಿಂದಿನ ಮರಳದಿಬ್ಬಕ್ಕೆ ಹೋಯಿತು. ಎರಡನೆಯದೂ ಮರಳಿಗೇ. ಮೂರನೆಯದು ಪಕ್ಕದವರ ಗುರಿಯತ್ತ ಹೋಗಿ ಮಾನ ಕಳೆಯಿತು. ನಾಲ್ಕನೆಯದನ್ನು ಪೂರ್ತಿ ಎಳೆದೆ. ಬಿಟ್ಟೆ. ಟಪ್ ಎಂದು ಕಾಗದ ಹರಿಯಿತು!

ತಾಗಿತ್ತು! ಕಿರುಚಬೇಕು, ಕುಣಿಯಬೇಕು, ಅಮ್ಮನಿಗೆ ಫೋನ್ ಮಾಡಬೇಕು. ಹಲ್ಲು ಕಚ್ಚಿ ನಿಂತೆ. ಒಂದು ಉಸಿರು. ಎರಡು. ಮೂರು.

ಆಗ ನನ್ನ ಬೆನ್ನ ಹಿಂದೆ ಶಾಲೆಯೆಲ್ಲ ಬೆಚ್ಚಿಬೀಳುವಂಥ ಕೂಗು. ತಿರುಗಿದರೆ ಮೇಷ್ಟ್ರು! ಜೋರಾಗಿ ಮಾತಾಡಬಾರದೆಂಬ ಕೊರೊನಾ ಬೋರ್ಡಿನ ಕೆಳಗೇ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಮಾಸ್ಕು ಗಲ್ಲಕ್ಕೆ ಜಾರಿತ್ತು. ಸರಿಮಾಡಿಕೊಂಡು ಎಲ್ಲರಿಗೂ ಬಾಗಿ ಬಾಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು. ಆಮೇಲೆ ನನ್ನತ್ತ ತಿರುಗಿದರು.

"ಇಲ್ಲಿ ಎದ್ದು ಓಡುವ ಜಿಂಕೆ ಇಲ್ಲವಲ್ಲ, ರೂಪಾ-ಸಾನ್."

ಮುಂದಿನ ಚಳಿಗಾಲ ಅವರು ತೀರಿಕೊಂಡರೆಂದು ಶಾಲೆಯ ಗೆಳತಿಯ ಮೆಸೇಜ್ ಬಂತು. ಬೆಂಗಳೂರಿನ ಮನೆಯ ಟೆರೇಸಿಗೆ ಹೋದೆ. ಇಲ್ಲದ ಬಿಲ್ಲು ಎಳೆದು, ಇಲ್ಲದ ಬಾಣ ಬಿಟ್ಟು, ಕೈ ಚಾಚಿಕೊಂಡು ಮೂರು ಉಸಿರು ನಿಂತೆ. ಆಮೇಲೆ ಗಂಟಲು ಕಿತ್ತುಬರುವಂತೆ ಕೂಗಿದೆ.

ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆ ಆಂಟಿ ಗಾಬರಿಯಿಂದ ಏನಾಯಿತೆಂದು ಕೇಳಿದರು.

"ನಮ್ ಮೇಷ್ಟ್ರು ಹೋಗ್ಬಿಟ್ರು ಆಂಟಿ" ಎಂದೆ.

ಅವರು ಅದನ್ನು ಅಳು ಎಂದುಕೊಂಡರು. ನಾನು ತಿದ್ದಲು ಹೋಗಲಿಲ್ಲ.