ಕೈ ಹಾಕಿ ನೋಡಿದ ಮೇಲೆಯೇ ಕೊನೆಯ ಹೊಲಿಗೆ

ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಮಗ್ಗಗಳ ಸದ್ದು ಇನ್ನೂ ಶುರುವಾಗಿಲ್ಲ. ಅಮ್ಮಯಮ್ಮ ಆಗಲೇ ಬಾಗಿಲ ಬೆಳಕಿಗೆ ಚಾಪೆ ಎಳೆದುಕೊಂಡು ಕೂತಿದ್ದಾರೆ, ಮಡಿಲ ತುಂಬ ಕೌದಿ. ಕೈ ಸೂಜಿಯ ಮೇಲಿದ್ದರೂ ಕಣ್ಣು ಬೀದಿಯ ಮೇಲೆ. ಹಾಲಿನವನು ಒಂದು ಗಳಿಗೆ ಹೆಚ್ಚು ನಿಂತರೂ ಅವರಿಗೆ ಅನುಮಾನ. ಇನ್ನು ಪತ್ರಿಕೆಯವರು ಹೊಸ್ತಿಲಲ್ಲಿ ನಿಂತರೆ ಸುಮ್ಮನೆ ಬಿಟ್ಟಾರೆಯೇ?

"ಯಾರ್ ಕಳ್ಸಿದ್ದು ನಿಮ್ಮನ್ನ? ಆ ವಾಣಿ ಏನಾದ್ರೂ ಹೇಳಿದ್ಲಾ?"

ಯಾರೂ ಕಳಿಸಿಲ್ಲವೆಂದರೆ ನಂಬುವುದಿಲ್ಲ. ಆದರೂ ಕಾಫಿ ಬರುತ್ತದೆ.

ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಹಗ್ಗದ ಮೇಲೊಂದು ಕೌದಿ, ಹೊಲಿಗೆ ಮಿಷನ್ನಿನ ಮೇಲೆ ಇನ್ನೊಂದರ ಅಂಚು, ಮಂಚದ ಕೆಳಗೆ ಹಳೆ ಸೀರೆಗಳ ಗಂಟುಗಳು. ಇದರ ನಡುವೆ ಯಾರದೋ ರವಿಕೆಗೆ ಹುಕ್ಕು, ಯಾರದೋ ಸೀರೆಗೆ ಫಾಲ್ಸು. ಒಂದನ್ನು ಕೈಗೆತ್ತಿಕೊಂಡರೆ ಮತ್ತೊಂದು ಅರ್ಧಕ್ಕೆ ನಿಲ್ಲುತ್ತದೆ. ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ ಗಂಡ ಹನುಮಂತರಾಯಪ್ಪ ತೀರಿಕೊಂಡ ಮೇಲೆ ಮನೆ ನಡೆಸಿದ್ದು ಈ ಸೂಜಿ. ಮಗಳು ಸ್ನೇಹಳನ್ನು ಓದಿಸಿದ್ದೂ ಇದೇ. ಸ್ನೇಹ ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ. "ಆನ್‌ಲೈನಲ್ಲಿ ಒಳ್ಳೊಳ್ಳೆ ರಗ್ಗು ಬರ್ತವೆ, ಯಾಕಮ್ಮ ಈ ಗೋಳು" ಎಂದು ದಿನಾ ಗೊಣಗುತ್ತಾಳೆ.

ಅಮ್ಮಯಮ್ಮನ ಬಳಿ ಬರುವವರಿಗೆ ರಗ್ಗು ಬೇಕಿಲ್ಲ. ತೀರಿಕೊಂಡ ತಾಯಿಯ ಸೀರೆ, ಹೆಂಡತಿಯ ಸೀರೆ ಹಿಡಿದು ಬರುವವರೇ ಹೆಚ್ಚು. ಮೇಲೊಂದು ಹೊಸ ಬಟ್ಟೆ, ಕೆಳಗೊಂದು ಹೊಸ ಬಟ್ಟೆ, ನಡುವೆ ಆ ಹಳೆ ಸೀರೆಗಳು. ಹೊಲಿದ ಮೇಲೆ ಒಳಗಿರುವುದು ಯಾರಿಗೆ ಕಾಣಬೇಕು? ಒಳ್ಳೆಯ ಸೀರೆ ಇಟ್ಟುಕೊಂಡು ಚಿಂದಿ ತುರುಕುತ್ತಾರೆ ಎಂಬ ಮಾತು ಈ ಕಸುಬಿಗೆ ಯಾವತ್ತೂ ಅಂಟಿಕೊಂಡೇ ಇದೆ. ಅದಕ್ಕೇ ಅಮ್ಮಯಮ್ಮ ಮೂರು ಬದಿ ಹೊಲಿದು ನಾಲ್ಕನೆಯದನ್ನು ತೆರೆದೇ ಬಿಡುತ್ತಾರೆ. ಅದನ್ನು ಕೌದಿಯ ಬಾಯಿ ಎನ್ನುತ್ತಾರೆ. ಸೀರೆಯ ಸೆರಗು ಆ ಬಾಯಿಯ ಹತ್ತಿರವೇ ಇರುತ್ತದೆ. ಕೊಟ್ಟವರು ಬಂದು ಕೈ ಹಾಕಿ, ಮುಟ್ಟಿ ನೋಡಿ, ಹೂಂ ಎಂದ ಮೇಲೆ ಅವರ ಎದುರಿಗೇ ಕೊನೆಯ ಹೊಲಿಗೆ.

"ಅವ್ರಿಗೆ ನನ್ ಮೇಲೆ ಅನುಮಾನ, ನನಗೆ ಅವ್ರ ಮೇಲೆ ಅನುಮಾನ. ಆಮೇಲೆ ಅದಿತ್ತು ಇದಿತ್ತು ಅನ್ಬಾರ್ದಲ್ಲ?"

ತೀರಿಕೊಂಡ ತಾಯಿಯ ಸೀರೆ ಕೊಟ್ಟಿದ್ದ ವಾಣಿ ನಿನ್ನೆ ಬಂದು ಕೈ ಹಾಕಿದವಳು ಹೂಂ ಎನ್ನಲಿಲ್ಲ. "ಇದು ನಮ್ಮಮ್ಮಂದಲ್ಲ" ಎಂದಳು. ಬೀದಿಯೆಲ್ಲ ಕೇಳುವ ಹಾಗೆ ಅಂದಳು. ಅವಳ ತಾಯಿ ದುಡಿದ ಮಗ್ಗದ ಯಜಮಾನರು ಒಂದು ಗೌರಿ ಹಬ್ಬಕ್ಕೆ ಹೆಂಗಸರಿಗೆಲ್ಲ ಒಂದೇ ನಮೂನೆಯ ಹಸಿರು ಸೀರೆ ಕೊಟ್ಟಿದ್ದರು. ಇದೂ ಹಸಿರೇ, ಅದೇ ಮಾವಿನಕಾಯಿ ಅಂಚು. ಆದರೆ ತಾಯಿ ಸೆರಗಿನ ತುದಿಗೆ ಬೀಗದ ಕೈ ಕಟ್ಟಿ ಕಟ್ಟಿ ಅಲ್ಲಿ ಬಟ್ಟೆ ಸವೆದು, ಕೆಂಪು ದಾರದಲ್ಲಿ ಗಂಟುಗಂಟಾಗಿ ಹೊಲಿದುಕೊಂಡಿದ್ದಳು. ಈ ಸೆರಗಿನಲ್ಲಿ ಅದಿಲ್ಲ. ಸಂಜೆಯೊಳಗೆ ಇಬ್ಬರು ಬಂದು ತಮ್ಮ ಗಂಟುಗಳನ್ನು ವಾಪಸ್ ಒಯ್ದರು. ಕಳ್ಳಿ ಎಂಬ ಹೆಸರು ನಿಂತರೆ ಸತ್ತವರ ಸೀರೆಯನ್ನು ಇನ್ಯಾರು ಈ ಕೈಗೆ ಕೊಡುತ್ತಾರೆ? ಅಮ್ಮಯಮ್ಮ ಊಟ ಮಾಡಲಿಲ್ಲ. ಮೊದಲು ವಾಣಿಯ ಮೇಲೆ ಅನುಮಾನ ಪಟ್ಟರು, ಆಮೇಲೆ ಸ್ನೇಹಳ ಮೇಲೆ. ಕಡೆಗೆ ತಮ್ಮ ಮೇಲೇ ಪಟ್ಟರು. ಆಗ ನೆನಪಾಯಿತು ಆ ಮಳೆ.

"ಎರಡು ಮನೇವ್ನೂ ಒಗ್ದು ಒಂದೇ ಹಗ್ಗಕ್ಕೆ ಹಾಕ್ಬಿಟ್ಟಿದ್ದೆ. ಮಳೆ ಬಂತು ಅಂತ ಒಟ್ಟಿಗೆ ಬಾಚ್ಕೊಂಡ್ ಬಂದೆ."

ಇನ್ನೊಂದು ಹಸಿರು ಸೀರೆ ಹಿಂದಿನ ಬೀದಿಯ ಗೋಪಾಲಪ್ಪನವರ ತೀರಿಕೊಂಡ ಹೆಂಡತಿಯದು. ಅವರ ಕೌದಿ ಬಾಯಿ ಮುಚ್ಚಿ ಹೋಗಿ ತಿಂಗಳಾಗಿದೆ. ಸುಮ್ಮನಿದ್ದರೆ ಅವರಿಗೆ ಈ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ಅಮ್ಮಯಮ್ಮ ಇಬ್ಬರಿಗೂ ಬೆಳಿಗ್ಗೆ ಬರಲು ಹೇಳಿ ಕಳಿಸಿದ್ದಾರೆ.

ಮೊದಲು ವಾಣಿ ಬರುತ್ತಾಳೆ, ಮುಖ ಗಂಟು ಹಾಕಿಕೊಂಡು. ಹಿಂದೆಯೇ ಗೋಪಾಲಪ್ಪ, ಹೆಗಲ ಮೇಲೆ ಕೌದಿ. ಅಮ್ಮಯಮ್ಮ ಅದರ ಅಂಚಿನ ಹೊಲಿಗೆ ಕತ್ತರಿಸಿ ಬಾಯಿ ಬಿಡಿಸುತ್ತಾರೆ. ವಾಣಿ ಕೈ ಹಾಕುತ್ತಾಳೆ. ಹುಡುಕುತ್ತಾಳೆ. ಆ ಕೈ ಒಂದು ಕಡೆ ನಿಲ್ಲುತ್ತದೆ. ಕೆಂಪು ದಾರದ ತುದಿಯನ್ನು ಹೊರಗೆಳೆದು ಮುಖಕ್ಕೆ ಒತ್ತಿಕೊಳ್ಳುತ್ತಾಳೆ.

"ಕದ್ದಿಲ್ಲ ಕಣಮ್ಮ. ತಪ್ಪು ಮಾಡಿದೀನಿ," ಎನ್ನುತ್ತಾರೆ ಅಮ್ಮಯಮ್ಮ. "ಕದಿಯೋದು ಬೇರೆ, ತಪ್ಪು ಬೇರೆ. ಮಳೇಲಿ ಎರಡು ಸೀರೆ ಅದಲುಬದಲಾಗೋಯ್ತು, ಏನಾದ್ರೂ ಅನ್ಕೋ."

ಗೋಪಾಲಪ್ಪನವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯುತ್ತದೆ. ಆಮೇಲೆ ಕಿವಿಯವರೆಗೂ ಕೆಂಪಗಾಗುತ್ತಾರೆ. "ತಿಂಗ್ಳಿಂದ ನಮ್ಮೋಳೇ ಅಂತ ಮುಖಕ್ಕೆ ಎಳ್ಕೊಂಡು ಏನೇನೋ ಮಾತಾಡ್ಬಿಟ್ಟಿದೀನಲ್ಲಮ್ಮ."

ವಾಣಿ ಅಳುತ್ತಲೇ ನಕ್ಕುಬಿಡುತ್ತಾಳೆ. "ಇಬ್ರೂ ಒಂದೇ ಮಗ್ಗದಲ್ಲಿದ್ದೋರು ಮಾವ. ನಮ್ಮಮ್ಮ ಅಲ್ಲಿ ಹೋಗಿ ಅವ್ರಿಗೆ ಎಲ್ಲಾ ಹೇಳಿರ್ತಾಳೆ ಬಿಡಿ."

ಅವರಿಬ್ಬರೂ ಹೋದ ಮೇಲೆ ಅಮ್ಮಯಮ್ಮ ಎರಡೂ ಕೌದಿಗಳನ್ನು ಹರಡಿಕೊಂಡು ಹೊಲಿಗೆ ಬಿಚ್ಚಲು ಕೂರುತ್ತಾರೆ. ಹಗ್ಗದ ಮೇಲಿನದು, ಮಿಷನ್ನಿನ ಮೇಲಿನದು ಎಲ್ಲ ಇನ್ನು ಹಿಂದೆ ಬೀಳುತ್ತವೆ. ಒಯ್ದ ಗಂಟುಗಳು ಮರಳಿ ಬರುತ್ತವೆಯೋ ಇಲ್ಲವೋ ಗೊತ್ತಿಲ್ಲ. ಅವರಿಗೆ ಸಿಟ್ಟು ಮಾತ್ರ ವಾಣಿಯ ಮೇಲಿಲ್ಲ.

"ಆ ಗೋಪಾಲಣ್ಣ ನೋಡಿ, ಬಂದ್ ದಿನ ಸುಮ್ನೆ ಹಿಂಗ್ ಕೈ ಇಟ್ಟು ಸರಿ ಅಂದ್ಬಿಟ್ರು. ನನ್ನ ನಂಬಿದ್ರಂತೆ! ಅನುಮಾನ ಪಟ್ಟಿದ್ರೆ ತಪ್ಪು ಅವತ್ತೇ ಸಿಕ್ತಿರ್ಲಿಲ್ವಾ?"

ಕೆಲಸಕ್ಕೆ ಹೊರಟ ಸ್ನೇಹ ಚಪ್ಪಲಿ ಮೆಟ್ಟುತ್ತಿದ್ದಾಳೆ. ಅಮ್ಮಯಮ್ಮ ಅವಳನ್ನು ಓರೆಗಣ್ಣಿನಲ್ಲಿ ನೋಡುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದ್ದಕ್ಕೆ ಉತ್ತರ ಆಗ ಬರುತ್ತದೆ, ಮಗಳಿಗೂ ಕೇಳಿಸುವಷ್ಟು ಜೋರಾಗಿ.

"ನಾನ್ ಹೋದ್ಮೇಲೆ ನನ್ ಸೀರೇನೂ ಯಾರೋ ಒಬ್ರು ಹೊಲೀತಾರಲ್ಲ? ಅವತ್ತು ಇವ್ಳು ಕೈ ಹಾಕಿ ನೋಡಿ, ವಾಣಿ ಥರ ಬೀದಿಗೆಲ್ಲ ಕೇಳೋ ಹಂಗೆ ಜಗಳ ಆಡ್ಬೇಕು. ಅಷ್ಟೇ."