ಕೊಟ್ಟಾರದ ನಮ್ಮ ಬಿಲ್ಡಿಂಗಿಗೆ ಹೋಗಿ ಬಂದದ್ದು

ಉಡುಪಿಯಿಂದ ಬೆಳಿಗ್ಗೆ ಏಳರ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ. ಮಂಗಳೂರಿಗೆ ಹೆಚ್ಚುಕಡಿಮೆ ಅರುವತ್ತು ಕಿಲೋಮೀಟರ್. ಸುರತ್ಕಲ್ ದಾಟುವಾಗಲೇ ಅಂಗಿ ಬೆನ್ನಿಗೆ ಅಂಟಿತ್ತು. ಆರನೇ ತರಗತಿಗೆ ಶಾಲೆ ಬಿಟ್ಟ ನಾನು ಉಡುಪಿಯ ಒಂದು ಹೋಟೆಲಿನಲ್ಲಿ ಹದಿನೆಂಟು ವರ್ಷದಿಂದ ಸಪ್ಲಾಯರ್. ನಾನು ಕೊರಗರವನು, ಊರವರು ದೂರ ಇಡುತ್ತಿದ್ದ ಬುಟ್ಟಿ ಹೆಣೆಯುವವರ ಪೈಕಿ ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಜಾತಿ ಕೇಳಿದವರಿಗೆ ಬೇರೆ ಏನೋ ಹೇಳಿ ತಪ್ಪಿಸಿಕೊಂಡಿದ್ದೆ.

ಅಕ್ಕ ಸುಮತಿಯ ಎದುರು ಒಂದು ತಪ್ಪು ಒಪ್ಪಿಕೊಳ್ಳಲು ಈ ಪ್ರಯಾಣ. ಕೊಟ್ಟಾರದ ಹತ್ತಿರ ಅಜ್ಜನ ಕಾಲದಿಂದ ನಮ್ಮವರಿದ್ದ ಜಾಗ ಉಂಟು. ಸುತ್ತ ಫ್ಲಾಟ್‌ಗಳು ಎದ್ದ ಮೇಲೆ ಬಿಲ್ಡರುಗಳು ಅದನ್ನೂ ಕೇಳಿದರು. ಅಕ್ಕ ಮತ್ತು ಉಳಿದ ಹೆಂಗಸರು ಕೊಡಲಿಲ್ಲ. ಸಂಘ ಮಾಡಿ ತಾವೇ ಕಟ್ಟುತ್ತೇವೆ ಎಂದರು. ಅದಕ್ಕೆ ಜಾಗದಲ್ಲಿ ಹಕ್ಕಿರುವ ಪ್ರತಿ ಮನೆಯ ಮಕ್ಕಳೂ ಅಧಿಕಾರಿಯ ಎದುರು ನಿಂತು, ತಾನು ಕೊರಗ, ಇಲ್ಲಿಯೇ ಹುಟ್ಟಿದವ ಎಂದು ಹೇಳಿ ಸಹಿ ಹಾಕಬೇಕಿತ್ತು. ಅಕ್ಕ ಮೂರು ಸಲ ಫೋನ್ ಮಾಡಿದಳು. ರಜೆ ಇಲ್ಲ ಎಂದೆ. ರಜೆ ಇತ್ತು. ಹೋಟೆಲಿನಲ್ಲಿ ಗೊತ್ತಾದರೆ ಎಂಬ ಹೆದರಿಕೆ. ನನ್ನೊಬ್ಬನ ಸಹಿ ಇಲ್ಲದೆ ಕೆಲಸ ನಿಂತಿತು. ಹಳೆಯ ಮನೆ ಕೆಡವಿ ಕೂತಿದ್ದವರು ಇಡೀ ಮಳೆಗಾಲ ಟಾರ್ಪಾಲಿನ ಅಡಿಯಲ್ಲಿ ಕಳೆದರು. ಅಕ್ಕ ಕಚೇರಿಗೆ ಅಲೆದು ಅಲೆದು ಕೊನೆಗೆ ನನ್ನ ಹೆಸರು ಬಿಟ್ಟೇ ಒಪ್ಪಿಗೆ ತಂದು ಕಟ್ಟಡ ಮುಗಿಸಿದಳು.

ಬಸ್ಸಿಳಿದು ಹತ್ತು ನಿಮಿಷ ನಡೆದೆ. ಮೂರು ಮಾಳಿಗೆ. ಕೆಳಗೆ ಬಾಡಿಗೆಗೆ ಕೊಟ್ಟ ಅಂಗಡಿಗಳು, ಮೇಲೆ ನಮ್ಮವರ ಹನ್ನೆರಡು ಮನೆ. ಮೊದಲ ಮಾಳಿಗೆಯ ಜಗಲಿಯಲ್ಲಿ ಅಕ್ಕ ಬುಟ್ಟಿ ಹೆಣೆಯುತ್ತಿದ್ದಳು.

“ಓಹೋ, ಸಾಹುಕಾರ್ರಿಗೆ ರಜೆ ಸಿಕ್ಕಿತಾ?”

ನಾನು ಚಪ್ಪಲಿ ಕಳಚಿ ಅವಳ ಹತ್ತಿರ ಕೂತೆ. “ಈ ಜಗಲಿ ಎಂತ ಅಕ್ಕ ಇಷ್ಟು ಉದ್ದ?”

“ಇಂಜಿನಿಯರ್ ನಕ್ಷೆಯಲ್ಲಿ ಮನೆಗೊಂದು ಗೇಣುದ್ದದ ಬಾಲ್ಕನಿ ಬರೆದಿದ್ದ. ನಾವು ಬಿದಿರಿನ ಸೀಳು ತಕೊಂಡು ಹೋಗಿ ಅವನ ಆಫೀಸಿನಲ್ಲಿ ಮಲಗಿಸಿದೆವು. ಒಂದು ತುದಿ ಮೇಜಿನ ಅಡಿ, ಇನ್ನೊಂದು ಬಾಗಿಲಿನ ಹೊರಗೆ. ಬುಟ್ಟಿ ಹೆಣೆಯುವುದು ಎಲ್ಲಿ ಮಾರಾಯ, ನಿನ್ನ ತಲೆಯ ಮೇಲಾ ಅಂತ ಕೇಳಿದೆ.”

ಗಂಜಿ, ಒಣ ಸಿಗಡಿ ಚಟ್ನಿ ಬಡಿಸಿದಳು. ಉಣ್ಣುವ ಮೊದಲೇ ರಜೆ ಇದ್ದದ್ದು, ಹೆದರಿದ್ದು ಎಲ್ಲ ಹೇಳಿಬಿಟ್ಟೆ. ಅಕ್ಕ ಚಟ್ನಿಯ ಪಾತ್ರೆ ಮುಚ್ಚಿಟ್ಟಳು.

“ಟಾರ್ಪಾಲಿನ ಅಡಿಯಲ್ಲಿ ನನ್ನ ಮಗಳು ಪರೀಕ್ಷೆಗೆ ಓದಿದ್ದು. ಅದನ್ನು ನಾನು ಮರೆಯುವುದಿಲ್ಲ,” ಎಂದಳು. ಆಮೇಲೆ, “ಹಿಂದಿನ ಜಾಗದಲ್ಲಿ ಇನ್ನೊಂದು ಬಿಲ್ಡಿಂಗ್ ಏಳಲಿಕ್ಕುಂಟು. ಅದಕ್ಕೂ ಸಹಿ ಬೇಕು. ಮಧ್ಯಾಹ್ನ ಅಧಿಕಾರಿ ಬರ್ತಾರೆ. ನಿಲ್ತೀಯಾ, ಓಡ್ತೀಯಾ?”

ನಿಂತೆ. ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಅಂಗಡಿಯವರೂ ನೋಡುತ್ತಿದ್ದರು. ಅಧಿಕಾರಿ ಕೇಳಿದಾಗ ನೆಲ ನೋಡುತ್ತ ಮೆಲ್ಲಗೆ ಹೆಸರು ಹೇಳಿದೆ.

“ಜೋರಾಗಿ ಹೇಳು,” ಎಂದಳು ಅಕ್ಕ, “ಎರಡು ಮಸಾಲೆ ಅಂತ ಕೂಗುದಿಲ್ವಾ ದಿನಾ?”

ಎಲ್ಲರೂ ನಕ್ಕರು. ನನಗೂ ನಗು ಬಂತು. “ನಾನು ಸುಂದರ. ಕೊರಗ. ಇಲ್ಲಿಯೇ ಹುಟ್ಟಿದವ,” ಎಂದು ಸಹಿ ಹಾಕಿದೆ. ಅಕ್ಕ ಕಾಗದವನ್ನು ಎರಡು ಸಲ ನೋಡಿ ಮಡಚಿಟ್ಟಳು. ಗಂಜಿಯನ್ನು ಮತ್ತೆ ಬಿಸಿ ಮಾಡಿದಳು.

ಸಂಜೆ ಬಸ್ಸು ಮೂಲ್ಕಿ ದಾಟುವಾಗ ಹೋಟೆಲಿನ ಅಡುಗೆಯ ರಮೇಶಣ್ಣನ ಫೋನ್ ಬಂತು. “ಎಲ್ಲಿಗೆ ಹೋದದ್ದು ಮಾರಾಯ?”

“ಮಂಗಳೂರಿಗೆ. ನಮ್ಮ ಕೊರಗರ ಬಿಲ್ಡಿಂಗ್ ಉಂಟು ಕೊಟ್ಟಾರದಲ್ಲಿ. ಅಕ್ಕನ ಮನೆ ಅಲ್ಲಿ.”

ಪಕ್ಕದ ಸೀಟಿನವರು ತಿರುಗಿ ನೋಡಿದರು. ಫೋನನ್ನು ಕಿವಿಗೆ ಒತ್ತಿಕೊಂಡು ಕಾದೆ.

“ಕೊಟ್ಟಾರದಲ್ಲಿಯಾ?” ಎಂದರು ರಮೇಶಣ್ಣ. “ಅಲ್ಲಿ ಅಂಗಡಿ ಖಾಲಿ ಉಂಟಾ? ನನ್ನ ಭಾವನಿಗೆ ಒಂದು ಬೇಕಿತ್ತು.”

“ಅಕ್ಕನನ್ನು ಕೇಳ್ಬೇಕು,” ಎಂದೆ. “ಅವಳು ಸುಲಭಕ್ಕೆ ಒಪ್ಪುದಿಲ್ಲ.”